ಒಪೆರಾ ಹೌಸ್: ಗುಡಿಸುವವನ ಪಾಲು

1862ರಿಂದ 1956ರವರೆಗೆ ನಮ್ಮ ಜಿಲ್ಲೆ ಮುಂಬಯಿ ಆಡಳಿತಕ್ಕೆ ಸೇರಿದ್ದಿತು. ಕಾರವಾರ, ಅಂಕೋಲೆಗಳಿಂದ ಹೊಟ್ಟೆಪಾಡಿಗಾಗಿ ಆ ನಗರಕ್ಕೆ ಹೋದವರು ಊರಿಗೆ ತರುತ್ತಿದ್ದ ಸುದ್ದಿಗಳಲ್ಲಿ ಸಿನೇಮಾ ಮಂದಿರಗಳದೂ ಒಂದು ಪಾಲು.

ಚರ್ನಿರೋಡಿನ ಬಳಿಯ ರಾಯಲ್ ಒಪೆರಾ ಹೌಸ್ ಅಂಥ ಮಂದಿರ. ಗೀತನಾಟಕಗಳಿಗೆಂದು ಕಟ್ಟುತ್ತಿದ್ದ ಅದನ್ನು 1911ರಲ್ಲಿ ಐದನೆಯ ಜಾರ್ಜ್ ದೊರೆ ಉದ್ಘಾಟಿಸಿದನು. ಮುಂದೆ ಅದು ಚಿತ್ರಮಂದಿರವಾಯಿತು, 1993ರಲ್ಲಿ ಮುಚ್ಚಿತು. ಹಲವು ವರ್ಷಗಳ ಜೀರ್ಣೋದ್ಧಾರದ ತರುವಾಯ 2016ರ ಅಕ್ಟೋಬರಿನಲ್ಲಿ ರಂಗಮಂದಿರವಾಗಿ ಮರಳಿ ತೆರೆಯಿತು.

ಆದರೆ ಅದಕ್ಕೂ ಮೊದಲೇ ಕನ್ನಡ ಅದರ ಬಾಗಿಲನ್ನು ತೆರೆದಿದ್ದಿತು. ಅಂಕೋಲೆಗೆ ನೆರೆಯ ಗೋಕರ್ಣದಲ್ಲಿ ಹುಟ್ಟಿ, ಮುಂಬಯಿಯಲ್ಲಿ ದುಡಿದ ಜಯಂತ ಕಾಯ್ಕಿಣಿಯವರ ‘ಒಪೆರಾ ಹೌಸ್’ ಕಥೆಯಲ್ಲಿ ದೊರೆಗೆ ಸ್ಥಾನವಿಲ್ಲ. ಆಟ ಮುಗಿದ ಮೇಲೆ ಕಸ ಗುಡಿಸುವ ಇಂದ್ರನೀಲನೇ ಅಲ್ಲಿ ಮುಖ್ಯ. ಪ್ರೇಕ್ಷಕರು ಮರೆತುಹೋದ ವಸ್ತುಗಳು ಅವನ ಕೈಗೆ ಸಿಗುತ್ತವೆ. ಅವುಗಳ ಮೂಲಕ ಕಾಣದ ಬಾಳುಗಳು ಅವನ ಮನಸ್ಸನ್ನು ಹೊಗುತ್ತವೆ.

ಗೋಡೆಗೆ ಬಣ್ಣ ಮರಳಿ ಬಳಿಯಬಹುದು. ಗುಡಿಸಿದವನ ನೆನಪು ಬರೆದಿಡದಿದ್ದರೆ ಉಳಿಯದು. ನಮ್ಮ ಊರುಗಳ ಟಾಕೀಸುಗಳಿಗೆ ದೊರೆಗಳ ಉದ್ಘಾಟನೆಯ ಭಾಗ್ಯವಿಲ್ಲ. ಅಲ್ಲಿ ಟಿಕೇಟು ಹರಿದವರನ್ನು, ಯಂತ್ರ ತಿರುಗಿಸಿದವರನ್ನು ನಮ್ಮ ವಿದ್ಯಾರ್ಥಿಗಳು ಇಂದೇ ಮಾತನಾಡಿಸಬೇಕು.