ಚೀಟಿಯ ಮೇಲಿನ ಆರರ ಕೆಳಗೆ ಅರವತ್ತು

ಕಮಲಾಪುರದ ಕಡೆಯಿಂದ ಹುಮನಾಬಾದ್ ರಸ್ತೆ ಹಿಡಿದು ಕಲಬುರಗಿಯ ದೊಡ್ಡ ದವಾಖಾನೆಗೆ ಬಂದ ಹಿರಿಯರು ಕಣ್ಣಿನ ಡಾಕ್ಟರ ಮುಂದೆ ಕೂತು ಹೇಳುವುದು ‘ಮಬ್ಬ ಕಾಣಸ್ತದ್ರಿ’ ಎಂದಷ್ಟೇ. ಹೊರಗೆ ಬರುವಾಗ ಅವರ ಕೈಯಲ್ಲಿರುವ ಚೀಟಿಯ ಮಾತೇ ಬೇರೆ: ‘ಆರ್.ಇ. 6/60, ಎಲ್.ಇ. ಪಿ.ಎಲ್. ಪ್ಲಸ್, ಪಿ.ಆರ್. ಆಕ್ಯುರೇಟ್, ಸ್ಯಾಕ್ ಪೇಟೆಂಟ್.’ ಮನೆಯಲ್ಲಿ ಡಿಗ್ರಿ ಓದಿದ ಮೊಮ್ಮಗಳಿದ್ದರೂ ಇದು ಅವಳಿಗೆ ಬಿಡಿಸಲಾರದ ಒಗಟು. ಅಕ್ಷರ ಕೆಟ್ಟದಾಗಿದೆ ಎಂದು ಡಾಕ್ಟರನ್ನು ಬೈದು ಸುಮ್ಮನಾಗುತ್ತೇವೆ. ಆದರೆ ಇದು ಗುಟ್ಟಿನ ಭಾಷೆಯೇನಲ್ಲ. ಹತ್ತಾರು ಗುರುತು ತಿಳಿದರೆ ಚೀಟಿಯ ಅರ್ಧ ಭಾಗ ಯಾರಿಗಾದರೂ ತೆರೆದುಕೊಳ್ಳುತ್ತದೆ.

ಮೊದಲು 6/60. ನೋಡಲು ಭಿನ್ನರಾಶಿಯಂತಿದ್ದರೂ ‘ಹತ್ತರಲ್ಲಿ ಒಂದು ಪಾಲು ದೃಷ್ಟಿ ಉಳಿದಿದೆ’ ಎಂದು ಇದರ ಅರ್ಥವಲ್ಲ. ಮೇಲಿನ ಆರು ಎಂದರೆ ರೋಗಿ ಅಕ್ಷರಗಳ ಫಲಕದಿಂದ ಕೂತ ದೂರ, ಮೀಟರುಗಳಲ್ಲಿ. ಕೆಳಗಿನ ಅರವತ್ತು ಎಂದರೆ ಅಲ್ಲಿಂದ ರೋಗಿ ಓದಿದ ಅಕ್ಷರವನ್ನೇ ಸಹಜ ಕಣ್ಣು ಎಷ್ಟು ದೂರದಿಂದ ಓದಬಲ್ಲದೋ ಆ ದೂರ. ಈ ಫಲಕವನ್ನು 1862ರಲ್ಲಿ ರೂಪಿಸಿದವನು ಹಾಲೆಂಡಿನ ಯೂಟ್ರೆಕ್ಟ್ ನಗರದ ವೈದ್ಯ ಹರ್ಮನ್ ಸ್ನೆಲೆನ್. ಅವನ ಲೆಕ್ಕದಲ್ಲಿ ತುದಿಯ ದೊಡ್ಡ ಅಕ್ಷರ ಸುಮಾರು 87 ಮಿಲಿಮೀಟರ್ ಎತ್ತರ, 6/6ರ ಸಾಲಿನ ಅಕ್ಷರ 9 ಮಿಲಿಮೀಟರಿಗೂ ಕೊಂಚ ಕಡಿಮೆ. ಅವನು ಒಂದೊಂದು ಅಕ್ಷರವನ್ನೂ ಐದು ಅಡ್ಡ, ಐದು ಉದ್ದದ ಚೌಕದೊಳಗೆ ಕೂರಿಸಿದ. ನಮ್ಮ ದುಂಡನೆಯ ಕನ್ನಡ ಅಕ್ಷರಗಳು ಆ ಚೌಕಕ್ಕೆ ಬಗ್ಗುವುದಿಲ್ಲ. ‘ರ’ ಎಷ್ಟು ಸುಲಭವೋ ‘ಞ’ ಅಷ್ಟೇ ಕಷ್ಟ. ಹಾಗಾಗಿ ಓದು ಬರದವರಿಗೆಂದು ಇಟ್ಟಿರುವ, ನಾಲ್ಕೂ ದಿಕ್ಕಿಗೆ ತಿರುಗಿದ ಇಂಗ್ಲಿಷ್ ‘ಇ’ ಗುರುತಿನ ಫಲಕವೇ ಓದು ಬಲ್ಲವರಿಗೂ ಹೆಚ್ಚು ನ್ಯಾಯವಾದ ಪರೀಕ್ಷೆ ಎಂಬುದು ನನ್ನ ಅಭಿಪ್ರಾಯ.

ತುದಿಯ ಅಕ್ಷರವೂ ಕಾಣದಿದ್ದರೆ ರೋಗಿಯನ್ನು ಒಂದೊಂದೇ ಮೀಟರ್ ಹತ್ತಿರ ಕರೆಯುತ್ತಾರೆ. ಆಗ ಚೀಟಿಯಲ್ಲಿ 5/60, 4/60, 3/60 ಎಂದು ಇಳಿಯುತ್ತದೆ. ಕನ್ನಡಕವಿದ್ದರೆ ಅದನ್ನು ಹಾಕಿಕೊಂಡೇ ನೋಡಿದಾಗಲೂ, ಎರಡರಲ್ಲಿ ಚೆನ್ನಾಗಿರುವ ಕಣ್ಣಿನ ದೃಷ್ಟಿಯೇ 3/60ಕ್ಕಿಂತ ಕಡಿಮೆಯಿದ್ದರೆ ಅದು ಅಂಧತ್ವ. 2017ರವರೆಗೆ ನಮ್ಮ ದೇಶದಲ್ಲಿ ಈ ಗೆರೆ 6/60ರಲ್ಲಿತ್ತು. ಅಲ್ಲಿಂದಾಚೆ ವಿಶ್ವ ಆರೋಗ್ಯ ಸಂಸ್ಥೆಯ ಅಳತೆಗೆ ಹೊಂದಿಸಿಕೊಂಡೆವು. ಇನ್ನೂ ಕೆಳಗೆ ಹೋದರೆ ‘ಎಫ್.ಸಿ.’, ಅಂದರೆ ಬೆರಳು ಎಣಿಸಬಲ್ಲರು, ‘ಎಚ್.ಎಮ್.’, ಕೈ ಆಡಿಸಿದ್ದು ತಿಳಿಯುತ್ತದೆ; ಕೊನೆಗೆ ‘ಪಿ.ಎಲ್.’, ಬೆಳಕು ಇದೆಯೋ ಇಲ್ಲವೋ ಎಂಬುದಷ್ಟೇ ಗೊತ್ತಾಗುತ್ತದೆ.

ಈ ಕೊನೆಯ ಎರಡಕ್ಷರವನ್ನು ಜನ ತಪ್ಪು ತಿಳಿಯುತ್ತಾರೆ. ಬೆಳಕು ಮಾತ್ರ ಕಾಣುವ ಕಣ್ಣು ಮುಗಿದೇ ಹೋಯಿತು ಎಂದುಕೊಳ್ಳುತ್ತಾರೆ. ಮೋತಿಬಿಂದು ಪೂರ್ತಿ ಬಲಿತು ಕಣ್ಣಿನ ಮಸೂರ ಬೆಳ್ಳಗಾದಾಗ ಡಾಕ್ಟರಿಗೂ ಒಳಗಿನ ಅಕ್ಷಿಪಟ ಕಾಣುವುದಿಲ್ಲ. ಒಳಗೆ ಜೀವವಿದೆಯೇ ಎಂದು ತಿಳಿಯುವ ಸರಳ ದಾರಿ ಒಂದು ಟಾರ್ಚು. ಇನ್ನೊಂದು ಕಣ್ಣು ಬೆಳಕು ಸೋಕದಂತೆ ಮುಚ್ಚಿಸಿ, ನಾಲ್ಕು ಕಡೆಯಿಂದ ಬೆಳಕು ಬಿಡುತ್ತಾರೆ. ‘ಬೆಳಕ ಯಾ ಕಡಿಂದ ಬರ್ಲತದ, ಯವ್ವಾ?’ ‘ಮ್ಯಾಲಿಂದ್ರಿ.’ ‘ಈಗ?’ ‘ಮೂಗಿನ ಕಡಿಂದ್ರಿ.’ ನಾಲ್ಕೂ ಸಲ ಸರಿಯಾಗಿ ಹೇಳಿದರೆ ಚೀಟಿಯಲ್ಲಿ ‘ಪಿ.ಆರ್. ಆಕ್ಯುರೇಟ್’ ಎಂದು ಬೀಳುತ್ತದೆ. ಅಂದರೆ ಅಕ್ಷಿಪಟ ಕೆಲಸ ಮಾಡುತ್ತಿದೆ, ಪೊರೆ ತೆಗೆದು ಮಸೂರ ಕೂರಿಸಿದರೆ ನೋಟ ಮರಳುವ ಆಸೆ ಇದೆ. ‘ಪಿ.ಎಲ್. ನೆಗೆಟಿವ್’ ಎಂದಿದ್ದರೆ ಮಾತ್ರ ಆಪರೇಷನ್ನಿಗೆ ಅರ್ಥವಿಲ್ಲ.

‘ಸ್ಯಾಕ್ ಪೇಟೆಂಟ್’ ಎಂಬುದು ಇನ್ನೂ ಸ್ವಾರಸ್ಯದ್ದು. ಆಪರೇಷನ್ನಿಗೆ ಮುಂಚೆ ಕಣ್ಣಿನ ಮೂಲೆಯ ಸಣ್ಣ ರಂಧ್ರಕ್ಕೆ ಮೊಂಡು ಸೂಜಿಯಿಂದ ಸಲೈನ್ ಬಿಟ್ಟು, ‘ಗಂಟಲಾಗ ನೀರ ಬಂತೇನು?’ ಎಂದು ಕೇಳುತ್ತಾರೆ. ‘ಉಪ್ಪ ಹತ್ತತದ್ರಿ’ ಎಂದರೆ ಕಣ್ಣೀರಿನ ನಾಳ ತೆರೆದಿದೆ. ನೀರು ಹೊರಗೇ ಚೆಲ್ಲಿದರೆ ನಾಳ ಕಟ್ಟಿದೆ; ಅಲ್ಲಿ ನಿಂತ ಕೀವು ಆಪರೇಷನ್ ಮಾಡಿದ ಕಣ್ಣಿಗೆ ಇಳಿಯುವ ಭಯವಿದೆ. ‘ನೀರ ಸೋರ್ತಾವ್ರಿ’ ಎಂದು ಹೇಳಿಕೊಂಡವರ ದೂರಿಗೂ ಕೆಲವೊಮ್ಮೆ ಇದೇ ಕಾರಣ.

ಆರ್.ಇ. ಬಲಗಣ್ಣು, ಎಲ್.ಇ. ಎಡಗಣ್ಣು. ಪರದೇಶದಲ್ಲಿರುವ ಮಗ ಅಲ್ಲಿ ಕಣ್ಣು ತೋರಿಸಿಕೊಂಡ ಚೀಟಿಯಲ್ಲಿ ‘ಓ.ಡಿ.’, ‘ಓ.ಎಸ್.’ ಎಂದಿರುತ್ತದೆ. ಅವೂ ಬಲ ಮತ್ತು ಎಡಗಣ್ಣೇ, ಲ್ಯಾಟಿನ್ ಹೆಸರಿನಲ್ಲಿ. ಇಲ್ಲೊಂದು ಅಪಾಯವಿದೆ. ನಮ್ಮ ಔಷಧಿ ಚೀಟಿಯಲ್ಲಿ ‘ಓ.ಡಿ.’ ಎಂದರೆ ದಿನಕ್ಕೊಂದು ಸಲ. ಅಮೆರಿಕದಲ್ಲಿ ಔಷಧಿ ಸುರಕ್ಷತೆಗಾಗಿ ದುಡಿಯುವ ಸಂಸ್ಥೆಯೊಂದು ಈ ಎರಡಕ್ಷರವನ್ನು ತಪ್ಪಿಗೆ ದಾರಿ ಮಾಡುವ ಸಂಕ್ಷೇಪಗಳ ಪಟ್ಟಿಯಲ್ಲೇ ಸೇರಿಸಿದೆ. ಕಣ್ಣಿನ ಹನಿ ಬರೆಸಿಕೊಂಡಾಗ ‘ಯಾವ ಕಣ್ಣಿಗೆ, ದಿನಕ್ಕೆ ಎಷ್ಟು ಸಲ’ ಎಂದು ಬಾಯಿಬಿಟ್ಟು ಕೇಳಿಕೊಳ್ಳುವುದು ಮೇಲು.

ಕಿವಿಯ ವಿಷಯದಲ್ಲಿ ಮಾತು ತಿರುಗುತ್ತದೆ. ಇಲ್ಲಿ ರೋಗಿಯ ನುಡಿಯೇ ಅರ್ಧ ರೋಗನಿರ್ಣಯ. ‘ಕಿವಿ ಸೋರ್ಲತದ’ ಎಂದವರನ್ನು ಒಳ್ಳೆಯ ಡಾಕ್ಟರು ಮರುಪ್ರಶ್ನೆ ಕೇಳದೆ ಬಿಡುವುದಿಲ್ಲ: ‘ನಾತ ಹೊಡಿತದೇನು?’ ಲೋಳೆಯಂತೆ ಧಾರಾಳವಾಗಿ ಸೋರಿ, ನಾತವಿಲ್ಲದಿದ್ದರೆ ಸಾಮಾನ್ಯವಾಗಿ ಕಿವಿತಮಟೆಯ ನಡುವೆ ತೂತು ಬಿದ್ದಿದೆ ಎಂದರ್ಥ. ವೈದ್ಯರು ಇದನ್ನು ‘ಸೇಫ್’ ಬಗೆ ಎನ್ನುತ್ತಾರೆ. ಕೊಂಚವೇ ಸೋರಿದರೂ ಕೆಟ್ಟ ನಾತವಿದ್ದರೆ ‘ಅನ್‌ಸೇಫ್’: ಒಳಗೆ ಚರ್ಮದ ಪದರ ಗಂಟಾಗಿ ಬೆಳೆದು ಎಲುಬನ್ನೇ ತಿನ್ನುತ್ತಿರಬಹುದು, ಸೋಂಕು ಮಿದುಳಿನವರೆಗೂ ಹೋಗಬಹುದು. ಚೀಟಿಯಲ್ಲಿ ಎರಡಕ್ಕೂ ‘ಸಿ.ಎಸ್.ಒ.ಎಮ್.’ ಎಂದೇ ಬರೆದಿರುತ್ತದೆ, ಮುಂದಿನ ಪದ ನೋಡಬೇಕು. ನಾಚಿಕೆಯಿಂದ ನಾತದ ಮಾತು ಮುಚ್ಚಿಡುವವರು ತಮಗೇ ಕೇಡು ತಂದುಕೊಳ್ಳುತ್ತಾರೆ. ಸೋರುವ ಕಿವಿಗೆ ಬಳ್ಳೊಳ್ಳಿ ಹಾಕಿ ಕಾಸಿದ ಎಣ್ಣೆ ಬಿಡುವುದಂತೂ ಬೇಡವೇ ಬೇಡ. ತಮಟೆಯಲ್ಲಿ ತೂತಿದ್ದರೆ ಅದು ನೇರ ಒಳಗಿಳಿಯುತ್ತದೆ.

ಹೆದರಿಸುವ ಇನ್ನೊಂದು ಪದ ‘ರಿನ್ನೆ ಪಾಸಿಟಿವ್’. ಪಾಸಿಟಿವ್ ಕಂಡೊಡನೆ ರೋಗ ಬಂತೆಂದು ಗಾಬರಿಯಾಗುವ ಕಾಲ ಇದು. 512 ಹರ್ಟ್ಸ್ ಶ್ರುತಿಕವೆಯನ್ನು ಬಡಿದು ಒಮ್ಮೆ ಕಿವಿಯ ಹಿಂದಿನ ಎಲುಬಿಗೆ ಇಡುತ್ತಾರೆ, ಆಮೇಲೆ ಕಿವಿಯ ಮುಂದೆ ಹಿಡಿಯುತ್ತಾರೆ. ಮುಂದೆ ಹಿಡಿದಾಗ ಹೆಚ್ಚು ಕೇಳಿದರೆ ಪಾಸಿಟಿವ್, ಅಂದರೆ ಹೊರಗಿವಿ ಮತ್ತು ನಡುಗಿವಿಯ ದಾರಿ ಸರಿಯಿದೆ. ಎಲುಬಿನಿಂದಲೇ ಹೆಚ್ಚು ಕೇಳಿದರೆ ನೆಗೆಟಿವ್; ಗುಗ್ಗೆಯೋ ಕೀವೋ ತೂತೋ ದಾರಿಗೆ ಅಡ್ಡವಾಗಿದೆ. ಹಾಗೆಂದು ಪಾಸಿಟಿವ್ ಬಂದವರಿಗೆಲ್ಲ ಕಿವಿ ಚೆನ್ನಾಗಿ ಕೇಳುತ್ತದೆ ಎನ್ನಲಾಗದು. ನರದ ದೋಷದಲ್ಲೂ ಪಾಸಿಟಿವ್ ಬರುತ್ತದೆ. 1855ರಲ್ಲಿ ಜರ್ಮನಿಯ ಅಡಾಲ್ಫ್ ರಿನ್ನೆ ಬರೆದಿಟ್ಟ ಈ ಪರೀಕ್ಷೆಗೆ ಇಂದಿಗೂ ಕರೆಂಟು ಬೇಕಿಲ್ಲ.

ಚೀಟಿಯ ಮೇಲ್ಭಾಗದಲ್ಲಿ ಸಾಲಾಗಿ ನಿಂತಿರುವ ಪಿ, ಐ, ಸಿ, ಸಿ, ಎಲ್, ಇ ಎಂಬ ಅಕ್ಷರಗಳು ಇಡೀ ಮೈಯ ತಪಾಸಣೆಯವು. ರಕ್ತ ಕಡಿಮೆಯಾದ ಬಿಳಿಚು, ಕಾಮಾಲೆ, ನೀಲಿಗಟ್ಟುವಿಕೆ, ಉಗುರಿನ ಬುಡ ಉಬ್ಬುವುದು, ಕುತ್ತಿಗೆ ಕಂಕುಳ ಗಂಟು, ಬಾವು. ಇವುಗಳಲ್ಲಿ ಮೊದಲೆರಡನ್ನು ಕಣ್ಣಲ್ಲೇ ಹುಡುಕುತ್ತಾರೆ: ಕೆಳರೆಪ್ಪೆ ಜಗ್ಗಿ ರಕ್ತ, ಕಣ್ಣಿನ ಬಿಳಿ ಭಾಗದಲ್ಲಿ ಕಾಮಾಲೆ. ಹಳದಿ ಬಣ್ಣವನ್ನು ಹಗಲು ಬೆಳಕಿನಲ್ಲೇ ನೋಡಬೇಕು, ಬಲ್ಬಿನ ಕೆಳಗೆ ಕಣ್ಣು ಮೋಸ ಹೋಗುತ್ತದೆ. ಉಳಿದದ್ದು ಸುಲಭ. ‘ಪಿ/ಎ ಸಾಫ್ಟ್’ ಎಂದರೆ ಹೊಟ್ಟೆ ಮೆತ್ತಗಿದೆ, ‘ಎನ್.ಎ.ಡಿ.’ ಎಂದರೆ ದೋಷವೇನೂ ಕಾಣಲಿಲ್ಲ.

ಕಲಬುರಗಿಯಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ತೆರೆದದ್ದು 1963ರಲ್ಲಿ. ಬೇರೆ ರಾಜ್ಯಗಳಿಂದ ಇಲ್ಲಿಗೆ ಕಲಿಯಲು ಬಂದ ಹುಡುಗರು ‘ಏನ ತ್ರಾಸ ಅದ?’ ಎಂದು ಕೇಳುವುದನ್ನು ಪಾಠಕ್ಕೆ ಮೊದಲೇ ಕಲಿಯಬೇಕಾಗುತ್ತದೆ. ಈಗಂತೂ ಎಂ.ಬಿ.ಬಿ.ಎಸ್. ಮೊದಲ ವರ್ಷದ ಬುನಾದಿ ಕೋರ್ಸಿನಲ್ಲಿ ಸ್ಥಳೀಯ ಭಾಷೆಗೂ ಜಾಗವಿದೆ. ಡಾಕ್ಟರು ನಮ್ಮ ನುಡಿ ಕಲಿಯಲು ಅಷ್ಟು ಪಾಡುಪಡುವಾಗ, ಅವರ ಹತ್ತು ಗುರುತು ನಾವು ಕಲಿತರೆ ಅದೇನು ದೊಡ್ಡ ಭಾರವಲ್ಲ.

ಔಷಧಿಯ ಹೆಸರನ್ನು ಓದಲು ಬರುವಂತೆ, ಸಾಧ್ಯವಾದರೆ ದೊಡ್ಡಕ್ಷರದಲ್ಲಿ ಬರೆಯಬೇಕೆಂದು ವೈದ್ಯಕೀಯ ಪರಿಷತ್ತು 2016ರಲ್ಲೇ ನಿಯಮ ಮಾಡಿದೆ. ಆಸ್ಪತ್ರೆಯ ದಾಖಲೆಗಳನ್ನು ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂಬುದು 2002ರ ನಿಯಮ. ಕೇಳಿ ಪಡೆಯಿರಿ, ಹಳೆಯ ಚೀಟಿಗಳನ್ನು ಹರಿದು ಎಸೆಯಬೇಡಿ. ಗ್ಲಾಕೋಮಾ ಇದ್ದವರ ಕಣ್ಣಿನ ಒತ್ತಡ ಹೋದ ವರ್ಷ 16 ಇದ್ದದ್ದು ಈ ವರ್ಷ 24 ಆಗಿದೆ ಎಂಬುದು ಎರಡೂ ಚೀಟಿ ಎದುರಿಗಿದ್ದಾಗಲೇ ಡಾಕ್ಟರಿಗೆ ತಿಳಿಯುವುದು. ಮೋತಿಬಿಂದಿನಿಂದ ಹೋದ ನೋಟ ಆಪರೇಷನ್ನಿನಿಂದ ಮರಳಬಹುದು, ಗ್ಲಾಕೋಮಾದಿಂದ ಹೋದದ್ದು ಮರಳುವುದಿಲ್ಲ.