ನಾಕಾದಲ್ಲಿ ನಿಂತ ಹುಡುಗಿ

2009ರ ಮುಂಬಯಿ ಮಾನವ ಅಭಿವೃದ್ಧಿ ವರದಿಯಲ್ಲಿ ನಗರದ 24 ವಾರ್ಡುಗಳ ಪೈಕಿ ಗೋವಂಡಿ, ಮಾನ್‌ಖುರ್ದ್ ಇರುವ ಎಂ-ಪೂರ್ವ ವಾರ್ಡು ಎಲ್ಲಕ್ಕಿಂತ ಕೆಳಗಿತ್ತು. ಸೂಚ್ಯಂಕ 0.05. ಆದರೆ ಅಲ್ಲಿನ ಹದಿನಾಲ್ಕರ ಹುಡುಗಿಗೆ ಅವಳ ಗಲ್ಲಿ ಆಸರೆಯೋ ಅಡ್ಡಿಯೋ ಎಂಬುದನ್ನು ಆ ಅಂಕಿ ಹೇಳಲಾರದು. ಗಲ್ಲಿಯನ್ನೇ ಅಳೆಯುವ ವಿದ್ಯೆ ಹುಟ್ಟಿದ್ದು ಬೇರೆ ಕಡೆ.

1995ರಲ್ಲಿ ಸಮಾಜಶಾಸ್ತ್ರಜ್ಞ ರಾಬರ್ಟ್ ಸ್ಯಾಂಪ್ಸನ್ ಮತ್ತು ಸಂಗಡಿಗರು ಶಿಕಾಗೊದ 343 ವಸತಿ ಪ್ರದೇಶಗಳಲ್ಲಿ 8,782 ಜನರನ್ನು ಮಾತಾಡಿಸಿದರು. ಕೇಳಿದ್ದು ಅವರ ಮನೆಯ ಸುದ್ದಿಯನ್ನಲ್ಲ, ನೆರೆಯವರದನ್ನು. ಮಕ್ಕಳು ಶಾಲೆ ತಪ್ಪಿಸಿ ಬೀದಿಮೂಲೆಯಲ್ಲಿ ನಿಂತಿದ್ದರೆ ಇಲ್ಲಿನವರು ಸುಮ್ಮನಿರುತ್ತಾರೆಯೇ? ಹಿರಿಯರಿಗೆ ಅಗೌರವ ತೋರಿದರೆ? ಉತ್ತರಗಳನ್ನು ಒಟ್ಟುಗೂಡಿಸಿ ಪ್ರತಿ ಪ್ರದೇಶಕ್ಕೂ ಒಂದು ಅಂಕ ಕೊಟ್ಟರು. 1997ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು: ಬಡತನವನ್ನು ಲೆಕ್ಕಕ್ಕೆ ಹಿಡಿದ ಮೇಲೂ, ನೆರೆಯವರು ಒಬ್ಬರನ್ನೊಬ್ಬರು ನಂಬಿ ಮುಂದೆ ಬಂದು ಕೇಳುವ ಕಡೆ ಹಿಂಸೆ ಕಡಿಮೆ. ಹುಡುಗ ದಾರಿ ತಪ್ಪಿದರೆ ತಾಯಿಯನ್ನೊಬ್ಬಳನ್ನೇ ದೂರುವ ನಮ್ಮ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಆದರೆ ಅದೇ ಪ್ರಶ್ನೆಗಳನ್ನು ಮುಂಬಯಿಯ ನಾಕಾದಲ್ಲಿ, ಅಂದರೆ ಬೀದಿಗಳು ಕೂಡುವ ಮೂಲೆಯಲ್ಲಿ, ಕೇಳಿದರೆ? ಇಲ್ಲಿ ‘ಪುಕಾರ್’ ಎಂಬ ಸಂಶೋಧನಾ ಸಂಸ್ಥೆಯಲ್ಲಿ 2003ರಿಂದ 2006ರವರೆಗೆ ಸಮಾಜಶಾಸ್ತ್ರಜ್ಞೆ ಶಿಲ್ಪಾ ಫಡ್ಕೆ, ಪತ್ರಕರ್ತೆ ಸಮೀರಾ ಖಾನ್, ವಾಸ್ತುಶಿಲ್ಪಿ ಶಿಲ್ಪಾ ರಾನಡೆ ಸಾರ್ವಜನಿಕ ಜಾಗಗಳಲ್ಲಿ ಹೆಂಗಸರ ಪಾಡನ್ನು ಅಧ್ಯಯನ ಮಾಡಿದರು. ಅವರು ಕಂಡದ್ದು: ಹೆಂಗಸು ಬೀದಿಯಲ್ಲಿರಬೇಕಾದರೆ ಏನೋ ಕೆಲಸವಿದೆ ಎಂದು ತೋರಿಸಿಕೊಳ್ಳಲೇಬೇಕು. ಗಂಡಸು ಪಾನ್ ಅಂಗಡಿಯ ಮುಂದೆ ಸುಮ್ಮನೆ ನಿಲ್ಲಬಹುದು, ಅವಳು ನಿಲ್ಲುವಂತಿಲ್ಲ. ಮೊಹಲ್ಲಾಗಳ ಮುಸ್ಲಿಂ ಹೆಂಗಸರ ಬಗ್ಗೆ ಸಮೀರಾ ಖಾನ್ 2007ರಲ್ಲಿ ಬರೆದ ಲೇಖನದಲ್ಲಿ ಇನ್ನೂ ಸೂಕ್ಷ್ಮವಾದ ಸಂಗತಿಯಿದೆ. ತಮ್ಮವರ ನಡುವೆ ಭಯ ಕಡಿಮೆ, ತಮ್ಮವರ ಕಣ್ಗಾವಲು ಮಾತ್ರ ಹೆಚ್ಚು.

ಶಿಕಾಗೊದಲ್ಲಿ ಅಂಕ ತರುವ ನೆರೆಯವರ ಕಣ್ಣೇ ಇಲ್ಲಿ ಹುಡುಗಿಯನ್ನು ಒಳಗೆ ಅಟ್ಟಬಹುದು. ಒಂದೇ ಗಲ್ಲಿಗೆ ಅಣ್ಣ ಒಂದು ಅಂಕ ಕೊಟ್ಟರೆ ತಂಗಿ ಇನ್ನೊಂದು ಕೊಟ್ಟಾಳು. ಎರಡನ್ನೂ ಕೂಡಿಸಿ ಸರಾಸರಿ ತೆಗೆದರೆ ಅವಳ ಉತ್ತರ ಅಳಿಸಿಹೋಗುತ್ತದೆ. ಫಡ್ಕೆ, ಖಾನ್, ರಾನಡೆ 2011ರಲ್ಲಿ ತಂದ ‘ವೈ ಲಾಯ್ಟರ್?’ ಪುಸ್ತಕದಲ್ಲಿ ಕಾವಲನ್ನು ಕೇಳಲಿಲ್ಲ. ಕೆಲಸವಿಲ್ಲದೆ ಅಡ್ಡಾಡುವ ಹಕ್ಕನ್ನು ಕೇಳಿದರು.

ಪ್ರಶ್ನೆ ಯಾರು ಬರೆಯಬೇಕು ಎಂಬುದಕ್ಕೂ ಪುಕಾರ್ ಒಂದು ದಾರಿ ಹಿಡಿಯಿತು. ಆ ಸಂಸ್ಥೆಯನ್ನು ಕಟ್ಟಿದ ಮಾನವಶಾಸ್ತ್ರಜ್ಞ ಅರ್ಜುನ್ ಅಪ್ಪಾದುರೈ, ಸಂಶೋಧನೆ ಮಾಡುವುದು ಎಲ್ಲರ ಹಕ್ಕು ಎಂದು 2006ರಲ್ಲಿ ವಾದಿಸಿದರು. ಸಂಸ್ಥೆಯ ಯುವ ಫೆಲೋಶಿಪ್‌ನಲ್ಲಿ ಚಾಳು, ಝೋಪಡಪಟ್ಟಿಗಳ ಹುಡುಗ ಹುಡುಗಿಯರು ಗುಂಪು ಕಟ್ಟಿಕೊಂಡು, ತಮ್ಮ ಬದುಕಿನಿಂದಲೇ ಆರಿಸಿದ ವಿಷಯದ ಮೇಲೆ ತಾವೇ ಪ್ರಶ್ನಾವಳಿ ಬರೆದು ಮನೆಮನೆಗೆ ಹೊರಟರು.