ಗರಿಯಲ್ಲೇ ಇದೆ ವಯಸ್ಸಿನ ಗುಟ್ಟು

ಚಳಿಗಾಲದಲ್ಲಿ ಮಲ್ಪೆ, ಕಾರವಾರದ ಕಡಲಂಚಿನಲ್ಲಿ ಕಂದುತಲೆಯ ಕಡಲಕಾಗೆಗಳ ಹಿಂಡು ಕಾಣಸಿಗುತ್ತದೆ. ಲಡಾಖ್, ಟಿಬೆಟ್, ಮಧ್ಯ ಏಷ್ಯಾದ ಸರೋವರಗಳಲ್ಲಿ ಮರಿಮಾಡುವ ಈ ಗಲ್ ಹಕ್ಕಿಗಳು ನಮ್ಮಲ್ಲಿಗೆ ವಲಸೆ ಬರುತ್ತವೆ. ಹಿಂಡಿನಲ್ಲಿ ಕೆಲವಕ್ಕೆ ಅಚ್ಚಬಿಳಿಯ ಬಾಲ. ಕೆಲವಕ್ಕೆ ಬಾಲದ ತುದಿಯಲ್ಲಿ ಕಪ್ಪು ಪಟ್ಟಿ. ಇವು ಎರಡು ಜಾತಿಗಳೇ? ಅಲ್ಲ. ಪಟ್ಟಿಯಿರುವುದು ಹಿಂದಿನ ಬೇಸಿಗೆಯಲ್ಲಿ ಹುಟ್ಟಿದ ಮರಿ.

ಹಕ್ಕಿಗಳ ಗರಿ ಉದುರಿ ಹೊಸದು ಬರುವುದಕ್ಕೆ ಒಂದು ಕ್ರಮವಿದೆ. ಮರಿಗೆ ಮೊದಲು ತಲೆ, ಮೈ, ಬೆನ್ನಿನ ಗರಿಗಳಷ್ಟೇ ಬದಲಾಗುತ್ತವೆ. ರೆಕ್ಕೆ, ಬಾಲದ ದೊಡ್ಡ ಗರಿಗಳು ಮುಂದಿನ ಬೇಸಿಗೆಯವರೆಗೂ ಹಳೆಯವೇ. ಆದ್ದರಿಂದ ಬೂದುಬೆನ್ನಿನ ಹಕ್ಕಿಯ ರೆಕ್ಕೆಯಲ್ಲಿ ಕಂದು ಕಲೆಗಳಿದ್ದರೆ ಅದು ಎಳೆಯದು. ಬಲಿತದ್ದರ ಕಪ್ಪು ರೆಕ್ಕೆತುದಿಯಲ್ಲಿ ಬಿಳಿ ಬೊಟ್ಟುಗಳಿರುತ್ತವೆ, ಕಣ್ಣು ತಿಳಿಬಣ್ಣ. ಎಳೆಯದಕ್ಕೆ ಬೊಟ್ಟಿಲ್ಲ, ಕಣ್ಣೂ ಕಪ್ಪು. ತಲೆಯ ಕಂದು ಬಣ್ಣವನ್ನು ನಂಬಬೇಡಿ. ನಡುಚಳಿಗಾಲದಲ್ಲಿ ಬಲಿತವಕ್ಕೂ ಕಣ್ಣಿನ ಹಿಂದೆ ಒಂದು ಮಚ್ಚೆ ಮಾತ್ರ.

ಈ ಸಣ್ಣ ಗಲ್‌ಗಳು ಸುಮಾರು 2 ವರ್ಷಕ್ಕೆ ಬಲಿತ ಹಕ್ಕಿಯ ಬಣ್ಣ ಪಡೆಯುತ್ತವೆ. ದೊಡ್ಡ ಜಾತಿಗಳಿಗೆ ಸುಮಾರು 4 ವರ್ಷ ಬೇಕು.

ಹಿಂಡಿನಲ್ಲಿ ಎಳೆಯವೆಷ್ಟು, ಬಲಿತವೆಷ್ಟು ಎಂದು ಮಕ್ಕಳು ಎಣಿಸಿ ಬರೆದಿಡಲಿ. ದೂರದ ಸರೋವರಗಳಲ್ಲಿ ಆ ವರ್ಷ ಮರಿಗಳು ಉಳಿದವೇ ಎಂಬ ಸುಳಿವು ಆ ಲೆಕ್ಕದಲ್ಲಿದೆ. ಎಳೆಯದನ್ನು ಬೇರೆ ಜಾತಿಯೆಂದು ಬರೆದುಕೊಂಡರೆ ಆ ಸುಳಿವೇ ಕೈತಪ್ಪುತ್ತದೆ.